ಆಸ್ತಿಯ ಹಂಚಿಕೆಯೂ ತಾಯಿತಂದೆಗಳ ದಾಸೋಹವೂ

ಮುಪ್ಪಿಗೆ ಬಂದ ತಂದೆಯು ತಾನು ಬದುಕಿರುವಾಗಲೇ ಹೊಲಮನೆಗಳನ್ನು ಮಕ್ಕಳ ಹೆಸರಿಗೆ ಮಾಡಿಕೊಡಬೇಕೋ, ಇಲ್ಲವೆ ಕೊನೆಯ ಉಸಿರಿನತನಕ ತನ್ನ ಕೈಯಲ್ಲಿಯೇ ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ರಾಯಬಾಗ ಸೀಮೆಯ ಸದ್ಭಕ್ತರು ಮೇಲಿಂದ ಮೇಲೆ ಕೇಳುತ್ತಾರೆ. ಕೇಳುವವರಲ್ಲಿ ತಂದೆಗಳೂ ಉಂಟು, ಮಕ್ಕಳೂ ಉಂಟು. ಇಬ್ಬರ ಪ್ರಶ್ನೆಯೂ ಒಂದೇ ಎಂದು ತೋರಿದರೂ ಒಬ್ಬನ ಮಾತಿನೊಳಗೆ ಅಂಜಿಕೆಯಿದೆ, ಇನ್ನೊಬ್ಬನ ಮಾತಿನೊಳಗೆ ಅವಸರವಿದೆ. ಇದನ್ನು ಬರಿಯ ವಕೀಲರ ವಿಷಯವೆಂದು ತಳ್ಳಿಹಾಕಲು ಬಾರದು. ಕೊಡುವುದೆಂದರೇನು, ಕೊಟ್ಟುದಕ್ಕೆ ಪ್ರತಿಯಾಗಿ ಏನನ್ನಾದರೂ ಬಯಸಬಹುದೇ ಎಂಬುದು ದಾಸೋಹತತ್ತ್ವದ ನಡುಮಧ್ಯದ ಪ್ರಶ್ನೆಯಾಗಿದೆ.

ರಾಯಬಾಗವು 1949ರತನಕ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ಊರು. ಆದುದರಿಂದಲೇ ವಾಟಣಿ, ಬಕ್ಷೀಸು, ಉತಾರ ಎಂಬ ಮಾತುಗಳು ಇಲ್ಲಿಯ ಒಕ್ಕಲಿಗನ ಬಾಯಲ್ಲಿ ಇಂದಿಗೂ ಉಳಿದಿವೆ. ಒಂದು ಕಡೆ ಕೃಷ್ಣೆಯ ನೀರು, ಇನ್ನೊಂದು ಕಡೆ ಘಟಪ್ರಭೆಯ ಕಾಲುವೆ. ಅವು ಮುಟ್ಟಿದಲ್ಲೆಲ್ಲ ಕಬ್ಬು. ಒಣಬೇಸಾಯದ ಕಾಲದಲ್ಲಿ ಹೊಲವೆಂದರೆ ಮುಖ್ಯವಾಗಿ ದುಡಿಮೆಯಾಗಿತ್ತು. ನೀರು ಬಂದ ಮೇಲೆ ಅದು ಹಣವೂ ಆಯಿತು. ಉತಾರದಲ್ಲಿ ಹೆಸರಿದ್ದವನಿಗೆ ಸೊಸಾಯಿಟಿಯ ಸಾಲ ಸಿಗುತ್ತದೆ; ಬ್ಯಾಂಕಿನವರು ಅವನನ್ನು ಕೂಡಿಸಿ ಮಾತನಾಡಿಸುತ್ತಾರೆ. ಹೆಸರು ಮಗನದಾದ ಮೇಲೆ ಕಬ್ಬಿನ ಬಿಲ್ಲೂ ಮಗನ ಖಾತೆಗೇ ಬೀಳುತ್ತದೆ. ನಾಲ್ವತ್ತು ವರುಷ ಆ ನೆಲವನ್ನು ಉತ್ತ ಮುದುಕನು ಮರುದಿನದಿಂದ ಗುಳಿಗೆಯ ಹಣಕ್ಕೂ ಮಗನೆದುರು ಕೈಯೊಡ್ಡಬೇಕಾಗುತ್ತದೆ. ಮಗನು ಕೆಟ್ಟವನಾಗಿರಬೇಕೆಂದೇನೂ ಇಲ್ಲ. ಕೇಳಿ ಪಡೆಯಬೇಕಾಯಿತೆಂಬುದೇ ಮುದುಕನಿಗೆ ಸಾಕಷ್ಟು ನೋವು.

ಇಬ್ಬರು ಮೂವರು ಗಂಡುಮಕ್ಕಳಿದ್ದರಂತೂ ಹೊಲದೊಡನೆ ತಾಯಿತಂದೆಗಳೂ ಹಂಚಿಕೆಯಾಗುವುದನ್ನು ಕಾಣುತ್ತೇವೆ. ತಂದೆ ಹಿರಿಯನ ಪಾಲಿಗೆ, ತಾಯಿ ಕಿರಿಯನ ಪಾಲಿಗೆ. ಅಥವಾ ಇಬ್ಬರಿಗೂ ತಿಂಗಳ ಪಾಳಿ. ಐವತ್ತು ವರುಷ ಒಂದೇ ಒಲೆಯ ಅನ್ನವನ್ನುಂಡವರು ಒಂದೇ ಓಣಿಯ ಎರಡು ಮನೆಗಳಲ್ಲಿ ಬೇರೆಬೇರೆಯಾಗಿ ಉಣ್ಣುತ್ತಾರೆ. ಮೂವತ್ತೊಂದು ದಿನದ ತಿಂಗಳಿನಲ್ಲಿ ಆ ಕೊನೆಯ ದಿನದ ಊಟ ಯಾರ ಮನೆಯದೆಂದು ವಾದವಾಗುವುದೂ ಉಂಟು. ಜಂಗಮನಿಗೆ ಪಾದಪೂಜೆ ಮಾಡುವ ಮನೆಯಲ್ಲಿಯೇ ಹೀಗಾದರೆ ಆ ಪೂಜೆಯ ನೀರು ಎಲ್ಲಿಗೆ ಹರಿಯಿತೆಂದು ಕೇಳಬೇಕಾಗುತ್ತದೆ.

ಇದಕ್ಕೆ ಪರಿಹಾರವಾಗಿ, ಕೊಡುವ ಪತ್ರದಲ್ಲಿಯೇ ಪೋಷಣೆಯ ಷರತ್ತನ್ನು ಬರೆಯಿಸಬೇಕೆಂದು ತಿಳಿದವರು ಹೇಳುತ್ತಾರೆ. ಆಗ ಭಕ್ತನಾದವನು ಒಂದು ಗಂಭೀರವಾದ ಆಕ್ಷೇಪವನ್ನೆತ್ತುತ್ತಾನೆ: ‘ಶರಣರ ದಾಸೋಹದಲ್ಲಿ ಪ್ರತಿಫಲದ ಬಯಕೆಗೆ ಎಡೆಯಿಲ್ಲ. ನನ್ನದೆಂಬುದನ್ನು ಬಿಟ್ಟು ಕೊಡುವುದೇ ದಾಸೋಹ. ಅನ್ನ ಹಾಕಿದರೆ ಮಾತ್ರ ಹೊಲ ನಿನ್ನದೆಂದು ಮಗನಿಗೆ ಬರೆದುಕೊಟ್ಟರೆ ಅದು ವ್ಯಾಪಾರವಾಗಲಿಲ್ಲವೇ?’

ಆಕ್ಷೇಪವು ಸುಳ್ಳಲ್ಲ, ಆದರೆ ಅರ್ಧ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೆನೆಯಬೇಕು. ಅವನು ಒಂದು ದಿನ ಬಸವಣ್ಣನವರ ಅಂಗಳದಿಂದ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದುಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಿರಾಶೆಯ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದು ಅಳತೆಯ ದೃಷ್ಟಾಂತವೂ ಹೌದು. ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದ ಲಕ್ಕಮ್ಮನು ಅಂದಿನ ದಾಸೋಹಕ್ಕೆ ಬೇಕಾದ ಅಕ್ಕಿಯನ್ನು ಕಳಿಸಲಿಲ್ಲ. ಎಲ್ಲವನ್ನೂ ಸುರಿದುಬಿಟ್ಟು ತಾನು ನೆರೆಮನೆಯ ಬಾಗಿಲಲ್ಲಿ ನಿಲ್ಲುವುದನ್ನು ಅವಳು ವೈರಾಗ್ಯವೆಂದು ತಿಳಿಯಲಿಲ್ಲ. ಮುಪ್ಪಿನಲ್ಲಿ ತನಗೂ ತನ್ನ ಹೆಂಡತಿಗೂ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಕೊಡುವ ತಂದೆಯು ಲೋಭಿಯಲ್ಲ. ಸತ್ತ ಮೇಲೂ ತನ್ನ ಮಾತೇ ನಡೆಯಬೇಕೆಂದು ಹೊಲವನ್ನು ತೋರಿಸಿ ಮಕ್ಕಳನ್ನು ಕುಣಿಸುವವನು ಲೋಭಿ. ಅಂಥವರೂ ನಮ್ಮ ಊರುಗಳಲ್ಲಿದ್ದಾರೆ. ಹಿರಿಯರೆಂದ ಮಾತ್ರಕ್ಕೆ ಅವರನ್ನು ಬಿಡಲಾಗದು.

ಈ ವಿಷಯದಲ್ಲಿ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯು ಮಾಡಿದ ಒಂದು ಭೇದವು ಬಹಳ ಮನನೀಯವಾದುದು. ಮಕ್ಕಳಿಲ್ಲದ ವೃದ್ಧರನ್ನು ದಾಯಾದಿಯು ಪೋಷಿಸಬೇಕಾದರೆ, ಅವನು ಅವರ ಆಸ್ತಿಯನ್ನು ಅನುಭವಿಸುತ್ತಿರಬೇಕು ಅಥವಾ ಮುಂದೆ ಅದಕ್ಕೆ ವಾರಸುದಾರನಾಗತಕ್ಕವನಾಗಿರಬೇಕು. ಆದರೆ ಮಕ್ಕಳಿಗೆ ಆ ಮಾತಿಲ್ಲ. ತಂದೆಯು ಗುಂಟೆ ನೆಲವನ್ನೂ ಬಿಡದಿದ್ದರೂ, ಜೀವಮಾನವೆಲ್ಲ ಪರರ ಕಬ್ಬನ್ನು ಕಡಿದವನಾಗಿದ್ದರೂ, ತನ್ನನ್ನು ತಾನು ಸಾಕಿಕೊಳ್ಳಲಾರದ ಅವನನ್ನು ಸಾಕುವ ಹೊಣೆ ಮಗನಿಗೂ ಮಗಳಿಗೂ ಸಮನಾಗಿಯೇ ಇದೆ. ಅಂದರೆ ದಾಯಾದಿಯ ಸೇವೆಗೆ ಆಸ್ತಿಯ ಕಾರಣವುಂಟು, ಮಕ್ಕಳ ಸೇವೆಗೆ ಅದು ಕಾರಣವಲ್ಲ. ‘ನನಗೇನು ಕೊಟ್ಟಿದ್ದಾನೆ, ನಾನೇಕೆ ನೋಡಲಿ’ ಎನ್ನುವ ಮಗನು ತನ್ನನ್ನು ತಾನೇ ಮಗನ ಸ್ಥಾನದಿಂದ ಇಳಿಸಿಕೊಂಡು ದಾಯಾದಿಯ ಸಾಲಿನಲ್ಲಿ ನಿಲ್ಲುತ್ತಾನೆ.

ಹಾಗಿದ್ದರೆ ಷರತ್ತೇಕೆ? ಷರತ್ತು ಸೇವೆಗೆ ಕಟ್ಟಿದ ಬೆಲೆಯಲ್ಲ. ಸೇವೆ ತಪ್ಪಿದಾಗ ನೆಲವು ಅನ್ಯಾಯದ ಆಸ್ತಿಯಾಗದಂತೆ ಕಾಯುವ ಬೇಲಿ ಅದು. ಅದೇ ಕಾಯ್ದೆಯ 23ನೆಯ ಕಲಮಿನಂತೆ, ಪೋಷಣೆಯ ಷರತ್ತಿನೊಡನೆ ಕೊಟ್ಟ ಆಸ್ತಿಯನ್ನು ಪಡೆದವನು ಆ ಷರತ್ತನ್ನು ಮುರಿದರೆ, ಕೊಟ್ಟ ಪತ್ರವನ್ನೇ ರದ್ದುಪಡಿಸಲು ಬರುತ್ತದೆ. ಷರತ್ತೇ ಇಲ್ಲದೆ ಕೊಟ್ಟವರಿಗೆ ಈ ಕಲಮಿನ ಆಸರೆ ದೊರೆಯದೆಂದು ಸರ್ವೋಚ್ಚ ನ್ಯಾಯಾಲಯವು 2022ರ ದಶಂಬರದಲ್ಲಿ ಹೇಳಿತು; 2025ರ ಜನವರಿಯಲ್ಲಿ ಬಂದ ಮತ್ತೊಂದು ತೀರ್ಪು ಇದು ಹಿರಿಯರ ಹಿತಕ್ಕಾಗಿ ಹುಟ್ಟಿದ ಕಾಯ್ದೆಯೆಂಬುದನ್ನು ನೆನೆದು ಉದಾರವಾಗಿ ಅರ್ಥಮಾಡಬೇಕೆಂದಿತು. ತೀರ್ಪು ಯಾವುದೇ ಇರಲಿ, ಬರೆದ ಮಾತು ಬರೆಯದ ಮಾತಿಗಿಂತ ಗಟ್ಟಿ. ಮೃತ್ಯುಪತ್ರವನ್ನಾದರೆ ಬರೆದವನು ಬದುಕಿರುವತನಕ ಬದಲಿಸಬಹುದು. ಬಕ್ಷೀಸು ಪತ್ರವು ನೋಂದಣಿಯಾದ ಮೇಲೆ ಮನಸ್ಸು ಬದಲಾಯಿತೆಂದ ಮಾತ್ರಕ್ಕೆ ಹಿಂದಿರುಗದು. ಈ ಅಂತರವನ್ನು ಅರಿಯದೆ ಹೆಬ್ಬೆಟ್ಟನ್ನೊತ್ತಿದ ಮುದುಕರು ಎಷ್ಟೋ ಮಂದಿ. ಷರತ್ತನ್ನು ಬರೆಯಿಸಿದರೆ ಮಗನಿಗೆ ಅವಮಾನವಾದೀತೆಂದು ಕೆಲವರು ಅಳುಕುತ್ತಾರೆ. ನೋಡಿಕೊಳ್ಳುವ ಮನಸ್ಸುಳ್ಳ ಮಗನಿಗೆ ಆ ಒಂದು ಸಾಲು ಭಾರವಾಗಲಾರದು. ಅದಕ್ಕೆ ಸಿಟ್ಟಾಗುವವನಿದ್ದರೆ ಆ ಸಿಟ್ಟು ಹೊಲ ಕೈಬಿಡುವ ಮುನ್ನವೇ ಕಂಡುಬಂದುದು ಲೇಸು.

ಆದರೆ ಇಷ್ಟೆಲ್ಲ ವಿಚಾರದಲ್ಲಿ ನಾವು ‘ತಂದೆ’ ಎನ್ನುತ್ತಲೇ ಬಂದಿದ್ದೇವೆ. ಉತಾರದಲ್ಲಿ ಇರುವ ಹೆಸರು ಹೆಚ್ಚಾಗಿ ಅವನದೇ. ತಾಯಿಯು ಹಲವು ಮನೆಗಳಲ್ಲಿ ಗಂಡನಿಗಿಂತ ಹೆಚ್ಚುಕಾಲ ಬದುಕುತ್ತಾಳೆ. ಮುಪ್ಪಿನ ನಿಜವಾದ ಕಷ್ಟವು ಅವಳ ವೈಧವ್ಯದ ವರುಷಗಳಲ್ಲಿ ಬರುತ್ತದೆ. ತಂದೆಯು ತನ್ನ ಪೋಷಣೆಯ ಷರತ್ತನ್ನು ಬರೆಯಿಸಿ ಹೆಂಡತಿಯ ಹೆಸರನ್ನೇ ಮರೆತ ಪತ್ರಗಳುಂಟು. ಸ್ತ್ರೀಯನ್ನು ಶರಣಪಥದಲ್ಲಿ ಸಮಾನಳೆಂದು ಬಗೆದ ಧರ್ಮದವರು ಹೀಗೆ ಮರೆಯುವುದು ಸಣ್ಣ ತಪ್ಪಲ್ಲ. ಒಂದೆರಡು ಎಕರೆಯಾಗಲಿ, ವಾಸದ ಮನೆಯಾಗಲಿ, ಅವಳ ಹೆಸರಿನಲ್ಲಿಯೇ ಉಳಿಯಬೇಕು.

ಮಗಳ ಮಾತೂ ಇಲ್ಲಿಯೇ ಬರುತ್ತದೆ. ತನ್ನ ಅಕ್ಕನಿಗೆ ಇಲ್ಲದ ಉಪನಯನ ತನಗೇಕೆಂದು ಬಾಲಕ ಬಸವಣ್ಣನು ಕೇಳಿ ಮನೆಬಿಟ್ಟನೆಂಬ ಕಥೆಯನ್ನು ಪುರಾಣ ಹೇಳಿಸುವ ಪ್ರತಿಯೊಂದು ಮನೆಯೂ ಬಲ್ಲದು. ಆ ಮನೆಯಲ್ಲಿಯೇ ಮಗಳನ್ನು ರಾಯಬಾಗದ ನೋಂದಣಿ ಕಚೇರಿಗೆ ಕರೆದೊಯ್ದು, ಒಂದು ಇಳಕಲ್ಲ ಸೀರೆಯನ್ನುಡಿಸಿ, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕರ್ನಾಟಕವು 1994ರ ತಿದ್ದುಪಡಿಯಿಂದ, ದೇಶವು 2005ರ ತಿದ್ದುಪಡಿಯಿಂದ, ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲನ್ನು ಒಪ್ಪಿಕೊಂಡವು; ತಂದೆಯು 2005ರಲ್ಲಿ ಬದುಕಿರದಿದ್ದರೂ ಆ ಹಕ್ಕು ಇದೆಯೆಂದು 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಮನಃಪೂರ್ವಕವಾಗಿ ಬಿಟ್ಟುಕೊಡುವವಳು ಬಿಟ್ಟುಕೊಡಲಿ, ಅದು ಅವಳ ದಾಸೋಹ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಬಿಟ್ಟುದನ್ನು ದಾಸೋಹವೆಂದು ಕರೆಯಲು ನಮಗೆ ಅಧಿಕಾರವಿಲ್ಲ. ಸಹಿ ಹಾಕಿ ಹೋದ ಮಗಳೇ, ತಾಯಿ ಹಾಸಿಗೆ ಹಿಡಿದಾಗ ಅಥಣಿಯಿಂದಲೋ ಚಿಕ್ಕೋಡಿಯಿಂದಲೋ ಬಸ್ಸು ಹತ್ತಿ ಬಂದು ತಲೆ ಬಾಚಿ ಮೈತೊಳೆಯುತ್ತಾಳೆ. ಎಂಟು ದಿನವಿದ್ದು ಹೊರಟಾಗ ಅವಳ ಚೀಲದಲ್ಲಿ ಅಣ್ಣನು ಒಂದು ಸೇರು ಬೆಲ್ಲವನ್ನಿಟ್ಟು ಕಳಿಸುತ್ತಾನೆ. ಆ ಬೆಲ್ಲದ ಕಬ್ಬು ಬೆಳೆದ ನೆಲದಲ್ಲಿ ಅವಳದೂ ಒಂದು ಪಾಲಿತ್ತು.