ಹಾಲುಹಲ್ಲೂ ಹಣೆಬರಹವೂ

ಗದಗ-ಬೆಟಗೇರಿಯ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಣ ಹಳ್ಳಿಗಳಲ್ಲಾಗಲಿ, ಮೂರು ವರುಷವೂ ತುಂಬದ ಕೂಸೊಂದು ಮುಂದಿನ ಹಲ್ಲುಗಳು ಕರಗಿ ಕಂದುಬಣ್ಣದ ಮೋಟುಗಳಾಗಿ ಉಳಿದಿರುವ ಬಾಯನ್ನು ತೆರೆದು ನೋವಿನಿಂದ ಅಳುವಾಗ, ಮನೆಯ ಹಿರಿಯರಿಂದ ಕೇಳಿಬರುವ ಮಾತುಗಳು ಸಾಮಾನ್ಯವಾಗಿ ಎರಡು. “ಹಲ್ಲಿಗೆ ಹುಳಾ ಹತ್ಯಾವ, ಅದರ ಹಣೇಬಾರ” ಎಂಬುದೊಂದು. “ಬೀಳೂ ಹಲ್ಲಲ್ಲೇನವ್ವಾ, ಬೀಳ್ಲಿ ಬಿಡು” ಎಂಬುದು ಇನ್ನೊಂದು. ಆಡುವವರಲ್ಲಿ ನಿಷ್ಕರುಣೆ ಎಳ್ಳಷ್ಟೂ ಇಲ್ಲ. ಮೊದಲನೆಯ ಮಾತಿನ ಹಿಂದೆ ಕರ್ಮಸಿದ್ಧಾಂತವೂ, ಎರಡನೆಯದರ ಹಿಂದೆ ಅನಿತ್ಯವಾದುದಕ್ಕೆ ಶೋಕಿಸಬಾರದೆಂಬ ವಿವೇಕವೂ ನಿಂತಿವೆ. ಆದರೂ ಈ ಎರಡು ಮಾತುಗಳೂ ಧರ್ಮಕ್ಕೆ ಹೊರಗು ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಎರಡನೆಯದನ್ನು ಬೇಗನೆ ಮುಗಿಸಬಹುದು. ಆರನೆಯ ತಿಂಗಳ ಸುಮಾರಿಗೆ ಮೊಳೆಯತೊಡಗಿ ಮೂರನೆಯ ವರುಷದೊಳಗೆ ಇಪ್ಪತ್ತಾಗುವ ಹಾಲುಹಲ್ಲುಗಳಲ್ಲಿ ಹಿಂದಿನ ದವಡೆಹಲ್ಲುಗಳು ಹತ್ತು-ಹನ್ನೆರಡು ವರುಷದವರೆಗೆ ಬಾಯಲ್ಲಿದ್ದು, ಮುಂದೆ ಬರುವ ಹಲ್ಲಿಗೆ ಸ್ಥಳವನ್ನು ಕಾಯುತ್ತವೆ. ಅವುಗಳ ಬೇರಿನಲ್ಲಿ ಕೀವು ತುಂಬಿದರೆ ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ದಂತಕ್ಕೂ ಅಪಾಯ. ಅದಿರಲಿ, ಅನಿತ್ಯವಾದ ಹಲ್ಲಿನ ನೋವು ಅನುಭವಿಸುವ ಕೂಸಿಗೆ ಅನಿತ್ಯವಲ್ಲ. ಅಂದಿನ ಅನ್ನ, ಅಂದಿನ ನಿದ್ರೆ ಅದರಿಂದಲೇ ಕೆಡುತ್ತವೆ.

ಮೊದಲನೆಯ ಮಾತು ಗಹನವಾದುದು. ಒಬ್ಬನಿಗೆ ಸುಖವನ್ನೂ ಮತ್ತೊಬ್ಬನಿಗೆ ದುಃಖವನ್ನೂ ಕೊಡುವ ಈಶ್ವರನಿಗೆ ಪಕ್ಷಪಾತ, ನಿರ್ದಯೆಗಳೆಂಬ ದೋಷ ತಟ್ಟುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ವೈಷಮ್ಯ-ನೈರ್ಘೃಣ್ಯಗಳೆಂಬ ಹೆಸರಿನಿಂದಲೇ ಎತ್ತಿಕೊಂಡು, ಜೀವಿಯ ಕರ್ಮವನ್ನು ಮುಂದಿಟ್ಟು ಸಮಾಧಾನ ಹೇಳುತ್ತದೆ. ಆ ಸಮಾಧಾನವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕಣ್ಣಿಗೆ ಕಾಣುವ ಕಾರಣವು ಸಾಕಾಗುವಲ್ಲಿ ಕಾಣದ ಕಾರಣವನ್ನು ಕಲ್ಪಿಸುವುದು ನ್ಯಾಯವಲ್ಲವೆಂದು ನಮ್ಮ ಮೀಮಾಂಸಕರೇ ವಿಧಿಸಿದ್ದಾರೆ; ಹೀಗಿರಲು ಕೂಸಿನ ಪೂರ್ವಜನ್ಮಕ್ಕೆ ಕೈಯಿಡುವ ಮುನ್ನ ಅದರ ಕೈಯಲ್ಲಿರುವ ಬಾಟಲಿಯನ್ನು ನೋಡಬೇಡವೇ?

ಬಾಯೊಳಗಿನ ಸೂಕ್ಷ್ಮಾಣುಗಳು, ಅವುಗಳಲ್ಲಿಯೂ ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದು, ಸಕ್ಕರೆಯನ್ನುಂಡು ಆಮ್ಲವನ್ನು ಹುಟ್ಟಿಸುತ್ತವೆ. ಹಲ್ಲಿನ ಮೇಲಣ ಆಮ್ಲತೆಯ ಅಂಕ (ಪಿಎಚ್) 5.5ಕ್ಕಿಂತ ಕೆಳಗಿಳಿದೊಡನೆ ದಂತಕವಚದ ಖನಿಜಗಳು ಕರಗತೊಡಗುತ್ತವೆ. ಉಗುಳು ಆ ಆಮ್ಲವನ್ನು ಮೆಲ್ಲಮೆಲ್ಲನೆ ತೊಳೆದು ನಷ್ಟವನ್ನು ತುಂಬುತ್ತದೆ. ಈ ಸೂಕ್ಷ್ಮಾಣುಗಳು ಕೂಸಿಗೆ ಬಹುಮಟ್ಟಿಗೆ ಬರುವುದು ಸಾಕುವವರ ಉಗುಳಿನಿಂದಲೇ: ತಾನು ಅಗಿದ ತುತ್ತನ್ನು ಅಜ್ಜಿ ಮೊಮ್ಮಗನ ಬಾಯಿಗಿಡುವಾಗ, ತಾಯಿ ತನ್ನ ಚಮಚದಿಂದಲೇ ಉಣಿಸುವಾಗ. ಮುಂಜಾನೆಯ ಸಕ್ಕರೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ಅತ್ತಾಗಲೆಲ್ಲ ಕೈಗಿಡುವ ಪೆಪ್ಪರಮಿಂಟು, ಜಾತ್ರೆಯಿಂದ ತಂದ ಬೆಂಡು-ಬತ್ತಾಸು, ಇವುಗಳ ಪ್ರಮಾಣಕ್ಕಿಂತಲೂ ದಿನಕ್ಕೆ ಎಷ್ಟು ಬಾರಿ ಎಂಬುದೇ ಹಲ್ಲಿಗೆ ಹೆಚ್ಚು ಮಾರಕ. ಏಕೆಂದರೆ ಪ್ರತಿ ಬಾರಿಯೂ ಉಗುಳಿನ ಕೆಲಸ ಮೊದಲಿನಿಂದ ಆರಂಭವಾಗಬೇಕು. ಎಲ್ಲಕ್ಕಿಂತ ಕೆಟ್ಟುದು ರಾತ್ರಿಯ ಬಾಟಲಿ. ನಿದ್ದೆಯಲ್ಲಿ ಉಗುಳಿನ ಹರಿವು ತಗ್ಗುತ್ತದೆ. ಸಕ್ಕರೆ ಬೆರೆತ ಹಾಲು ಮೇಲಿನ ಮುಂಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗಿನ ಹಲ್ಲುಗಳನ್ನು ಮಾತ್ರ ನಾಲಗೆ ಮರೆಮಾಡಿ ಕಾಯುತ್ತದೆ. ಕೂಸಿನ ಮೇಲ್ದುಟಿಯನ್ನು ಎತ್ತಿ ನೋಡಿದರೆ, ಒಸಡಿನ ಅಂಚಿನಲ್ಲಿ ಸುಣ್ಣದ ಗೀಟಿನಂತೆ ಹೊಳಪುಗೆಟ್ಟ ಬಿಳಿಯ ರೇಖೆಯೊಂದು ಮೊದಲು ಕಾಣಿಸಿಕೊಳ್ಳುತ್ತದೆ. ಅಲ್ಲಿಯವರೆಗೂ ಹಾನಿಯನ್ನು ತಡೆದು ಹಿಂದಿರುಗಿಸಲು ಸಾಧ್ಯ. ಕಂದುಬಣ್ಣ ತಿರುಗಿ ಕುಳಿ ಬಿದ್ದ ಮೇಲೆ ಸಾಧ್ಯವಿಲ್ಲ.

ಇಷ್ಟೆಲ್ಲದರಲ್ಲಿ ಕೂಸು ತಾನಾಗಿ ಮಾಡಿದ ಕರ್ಮ ಯಾವುದು? ಮಾಡದುದರ ಫಲ ಬಂದೊದಗುವುದನ್ನು ಅಕೃತಾಭ್ಯಾಗಮವೆಂದು ಕರೆದು ನಮ್ಮ ದಾರ್ಶನಿಕರು ದೋಷವೆಂದೇ ಎಣಿಸಿದರು. ಆ ದೋಷವನ್ನು ಪರಿಹರಿಸಲೆಂದೇ ಹುಟ್ಟಿದ ಸಿದ್ಧಾಂತವನ್ನು ನಾವು ಆ ದೋಷವನ್ನು ಮುಚ್ಚಲು ಬಳಸುತ್ತಿದ್ದೇವೆ.

ಹಾಗೆಂದು ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದೂ ಅನ್ಯಾಯವೇ. ಬೆಟಗೇರಿಯಲ್ಲಿ ಮಗ್ಗದ ಕೆಲಸಕ್ಕೆ ಕುಳಿತವಳು, ಕಪ್ಪತಗುಡ್ಡದ ಆಚೀಚೆ ಹೊಲದ ಕೂಲಿಗೆ ಹೋಗುವವಳು, ಅಳುವ ಕೂಸಿನ ಬಾಯಿಗೆ ಸಿಹಿಯನ್ನಿಡುವುದು ಪ್ರೀತಿಯಿಂದ, ಬೇರೆ ಉಪಾಯವಿಲ್ಲದೆ. ಇದಲ್ಲದೆ ಮುಂಡರಗಿ, ಶಿರಹಟ್ಟಿಗಳ ಸೀಮೆಯಲ್ಲಿ ತಾಯಿಯ ಕೈಮೀರಿದ ಇನ್ನೊಂದು ಕೇಡಿದೆ. ಅಲ್ಲಿಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು, ಲೀಟರಿಗೆ ಒಂದೂವರೆ ಮಿಲಿಗ್ರಾಮೆಂಬ ಮೇರೆಯನ್ನು ಮೀರಿದೆ. ಅಲ್ಪಪ್ರಮಾಣದಲ್ಲಿ ಹಲ್ಲನ್ನು ಹುಳುಕಿನಿಂದ ಕಾಯುವ ಆ ದ್ರವ್ಯವೇ ಅಧಿಕವಾದಾಗ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿಗೆ ಜನ್ಮಕ್ಕೆಲ್ಲ ಅಳಿಯದ ಕಲೆಯನ್ನು ಹಚ್ಚುತ್ತದೆ. ಕವಚ ತೀರ ಕೆಟ್ಟಲ್ಲಿ ಕುಳಿಗಳೂ ಬೀಳುತ್ತವೆ. ಬೇರೆಬೇರೆ ಪ್ರಕೃತಿಯ, ಬೇರೆಬೇರೆ ಆಹಾರದ ಜನರಿಗೆ ಏಕಕಾಲದಲ್ಲಿ ಒಂದೇ ರೋಗ ಹೇಗೆ ಬರುತ್ತದೆಂಬ ಪ್ರಶ್ನೆಯನ್ನು ಚರಕಸಂಹಿತೆಯ ವಿಮಾನಸ್ಥಾನವು ಮೂರನೆಯ ಅಧ್ಯಾಯದಲ್ಲಿ ವಿಚಾರಿಸಿ, ವಾಯು, ಉದಕ, ದೇಶ, ಕಾಲಗಳೆಂಬ ಸಾಮಾನ್ಯ ಕಾರಣಗಳನ್ನೂ, ಅವು ಕೆಡುವುದಕ್ಕೆ ಮೂಲವಾಗಿ ನಾಡಿನ ಮುಖ್ಯಸ್ಥರಿಂದ ಮೊದಲಾಗುವ ಅಧರ್ಮವನ್ನೂ ಹೇಳುತ್ತದೆ. ಫ್ಲೋರೈಡನ್ನು ನೀರಿಗೆ ಬಿಟ್ಟುದು ನೆಲದೊಳಗಣ ಶಿಲೆ, ನಿಜ. ಆದರೆ ಮುಂಡರಗಿ ತಾಲೂಕಿನ ಹಮ್ಮಿಗಿಯ ಬ್ಯಾರೇಜಿನಲ್ಲಿ ತುಂಗಭದ್ರೆ ತುಂಬಿ ನಿಂತಿರುವಾಗ ಅದೇ ತಾಲೂಕಿನ ಕೂಸು ಕೊಳವೆಬಾವಿಯ ನೀರನ್ನೇ ಕುಡಿದು ಬೆಳೆಯಬೇಕಾದರೆ, ಅದು ಶಿಲೆಯ ಕರ್ಮವಲ್ಲ.

ವೀರಶೈವ ಮನೆಗಳಲ್ಲಿ ಹುಟ್ಟಿದ ಕೂಸಿಗೇ ಲಿಂಗಧಾರಣೆಯಾಗುತ್ತದೆ. ಪೂಜಿಸಲರಿಯದ ಆ ಕೂಸಿನ ಪರವಾಗಿ ಲಿಂಗದ ಜೋಪಾನವನ್ನು ಹಿರಿಯರು ಹೊರುತ್ತಾರೆ. ಕರ್ತೃತ್ವವಿಲ್ಲದವನ ಕರ್ತವ್ಯವನ್ನು ಬಲ್ಲವರು ಹೊರಬೇಕೆಂಬ ತತ್ತ್ವವನ್ನು ಇಷ್ಟು ಸಹಜವಾಗಿ ಆಚರಿಸುತ್ತ ಬಂದ ಜನಕ್ಕೆ, ಲಿಂಗವನ್ನು ಧರಿಸಿದ ಅಂಗಕ್ಕೂ ಅದನ್ನು ವಿಸ್ತರಿಸುವುದು ಕಷ್ಟವಾಗಬಾರದು.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಮೊದಲ ಹಲ್ಲು ಮೊಳೆತಂದಿನಿಂದಲೇ ದಿನಕ್ಕೆರಡು ಸಲ ಅದನ್ನು ಉಜ್ಜಿರಿ. ಫ್ಲೋರೈಡುಳ್ಳ ಪೇಸ್ಟು ಅಕ್ಕಿಕಾಳಿನಷ್ಟು ಸಾಕು, ಕೊಳವೆಬಾವಿಯ ನೀರನ್ನೇ ಕುಡಿಯುವ ಮನೆಯಾದರೆ ದಂತವೈದ್ಯರನ್ನು ಕೇಳಿ ಬಳಸಿರಿ. ರಾತ್ರಿ ಮಲಗುವ ಕೂಸಿನ ಬಾಯಲ್ಲಿ ಬಾಟಲಿಯನ್ನು ಬಿಡಬೇಡಿರಿ. ನಿಮ್ಮೂರ ನೀರಿನ ಪರೀಕ್ಷೆಯಾಗಿದೆಯೇ, ಫ್ಲೋರೈಡು ಎಷ್ಟಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ.