ಕ್ಷಯದ ಔಷಧವೂ ಮೂಕಜೀವಿಯ ಋಣವೂ

ಕಳೆದ ಚಾತುರ್ಮಾಸ್ಯದಲ್ಲಿ ಸೋಮವಾರಪೇಟೆಯಲ್ಲಿ ಅಹಿಂಸೆಯನ್ನು ಕುರಿತ ಪ್ರವಚನ ಮುಗಿದು, ಮಂತ್ರಾಕ್ಷತೆಯಾದ ಬಳಿಕ ಸದ್ಗೃಹಸ್ಥರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮಗಳಿಗೆ ಬೆಂಗಳೂರಿನಲ್ಲಿ ಕ್ಷಯರೋಗದ ಸಂಶೋಧನೆಗೆ ಸ್ಥಾನ ದೊರೆತಿದೆ. ಇಲಿ, ಗಿನಿಪಿಗ್‌ಗಳಿಗೆ ರೋಗಾಣುವನ್ನು ಅಂಟಿಸಿ, ಮದ್ದು ಕೊಟ್ಟು, ಕಡೆಗೆ ಕೊಂದು ಶ್ವಾಸಕೋಶವನ್ನು ಪರೀಕ್ಷಿಸುವ ಕೆಲಸ. "ಆಚಾರ್ಯರೇ, ಕಳುಹಿಸಬಹುದೇ?" ಎಂದರು.

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಮ್ಮ ತೀರ್ಥರೂಪರು ಕೆಲವು ವರ್ಷಗಳ ಹಿಂದೆ ಆರು ತಿಂಗಳು ಕ್ಷಯದ ಗುಳಿಗೆ ಸೇವಿಸಿ ಗುಣಹೊಂದಿ ಮರಳಿ ಪೂಜೆಗೆ ನಿಂತವರು. ಆ ಗುಳಿಗೆಗಳಲ್ಲೊಂದಾದ ಪೈರಜಿನಮೈಡ್ ಸಾಮಾನ್ಯ ಪ್ರಯೋಗನಾಳದಲ್ಲಿ ರೋಗಾಣುವನ್ನು ಬಾಧಿಸುವುದೇ ಇಲ್ಲ. ಅದರ ಶಕ್ತಿ 1952ರ ಸುಮಾರಿಗೆ ಬೆಳಕಿಗೆ ಬಂದದ್ದು ರೋಗ ಹಿಡಿದ ಇಲಿಗಳ ದೇಹದಲ್ಲಿ. ರಿಫಾಂಪಿಸಿನ್ ಜೊತೆಗೆ ಅದೂ ಸೇರಿದ ಮೇಲೆಯೇ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯಕ್ಕೆ ರೋಗಾಣುವೇ ಕಾರಣವೆಂದು ಸಾಧಿಸಿದ್ದಕ್ಕೂ ಗಿನಿಪಿಗ್‌ಗಳೇ ಸಾಕ್ಷಿಯಾದವು. ಮದ್ದು ನುಂಗಿದ ಮನೆಯವರಾದ ನಾವು ದೂರ ನಿಂತು ಖಂಡಿಸುವುದು ಹೇಗೆ?

"ತಾರತಮ್ಯವಿದೆಯಲ್ಲ, ಮನುಷ್ಯನಿಗಾಗಿ ಇಲಿ ಸತ್ತರೇನು?" ಎಂದು ಪಕ್ಕದಲ್ಲಿದ್ದವರೊಬ್ಬರು ಸಮಾಧಾನ ಹೇಳಿದರು. ಇದನ್ನು ನಾವು ಒಪ್ಪಲಾರೆವು. ತಾರತಮ್ಯವು ಜೀವರ ಸ್ವರೂಪಯೋಗ್ಯತೆಗೆ ಸಂಬಂಧಿಸಿದ್ದು; ದೇಹವಾದರೋ ಕರ್ಮವಶದಿಂದ ಬಂದದ್ದು. ಇಲಿಯ ದೇಹದಲ್ಲಿರುವ ಜೀವನು ಯೋಗ್ಯತೆಯಲ್ಲಿ ನಮಗಿಂತ ಕೆಳಗಿನವನೆಂದು ಬಲ್ಲವರಾರು? ಕೆಳಗಿನವನೇ ಆದರೂ ಮೇಲಿನವನಿಗೆ ಅವನ ಮೇಲೆ ಒಡೆತನವಿಲ್ಲ, ಸ್ವತಂತ್ರನು ಶ್ರೀಹರಿಯೊಬ್ಬನೇ. ಜಗತ್ತು ಸತ್ಯವೆನ್ನುವ ನಮಗೆ ಆ ಪ್ರಾಣಿಯ ನೋವೂ ಸತ್ಯವೇ.

ಶ್ರೀಮದಾಚಾರ್ಯರ ಪರಂಪರೆ ಪಶುಯಾಗದಲ್ಲಿ ಯಜ್ಞವನ್ನು ಬಿಡಲಿಲ್ಲ. ಪಶುವಿನ ಬದಲಿಗೆ ಹಿಟ್ಟಿನ ಪಿಷ್ಟಪಶುವನ್ನಿಟ್ಟಿತು. ವಿಜ್ಞಾನಿಗಳನ್ನು ಕೇಳಬೇಕಾದ್ದೂ ಅದನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶ್ವಾಸಕೋಶದ ಹಂದರವನ್ನು ಹೋಲುವ ಕೊಲಾಜೆನ್ ಲೋಳೆಯಲ್ಲಿ ಮನುಷ್ಯನ ಜೀವಕೋಶಗಳನ್ನು ಬೆಳೆಸಿ, ಅವುಗಳಿಗೆ ಕ್ಷಯದ ಸೋಂಕು ತಗುಲಿಸಿ ವಾರಗಟ್ಟಲೆ ಗಮನಿಸಿದ ವಿಷಯ 2024ರಲ್ಲಿ ಪ್ರಕಟವಾಯಿತು. ಅಲ್ಲಿ ಅದೇ ಪೈರಜಿನಮೈಡ್ ಅಲ್ಪ ಪ್ರಮಾಣದಲ್ಲಿಯೇ ಕೆಲಸ ಮಾಡಿತಂತೆ. ಹಿಂದೆ ಇಲಿಯೇ ಹೇಳಬೇಕಾಗಿದ್ದ ಮಾತನ್ನು ಈಗ ಲೋಳೆ ಹೇಳಿತು! (ಕೊಲಾಜೆನ್ ಎಂಬುದೂ ಸಾಮಾನ್ಯವಾಗಿ ಪ್ರಾಣಿಯ ದೇಹದಿಂದಲೇ ಬರುವಂಥದು, ನಮ್ಮ ಪಿಷ್ಟಪಶು ಇನ್ನೂ ಪೂರ್ತಿ ಹಿಟ್ಟಾಗಿಲ್ಲ.) ಆದರೂ ಯಕೃತ್ತು, ರಕ್ತ, ಉಸಿರು ಎಲ್ಲವೂ ಕೂಡಿದ ದೇಹದ ಸ್ಥಾನವನ್ನು ಅದು ತುಂಬಲಾರದು. ದೇಹದ ಸಾಕ್ಷ್ಯವಾದರೂ ತಪ್ಪದೆಂದೇನೂ ಇಲ್ಲ: ಗಿನಿಪಿಗ್‌ಗಳನ್ನು ಕಾಯುವ ಬಿ.ಸಿ.ಜಿ. ಲಸಿಕೆ, 1968ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಆರಂಭವಾದ ದೊಡ್ಡ ಪರೀಕ್ಷೆಯಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯಲಿಲ್ಲ.

ಮಗಳನ್ನು ಕಳುಹಿಸಿರೆಂದೇ ನಾವು ಹೇಳಿದೆವು. ಸಾಧ್ಯವಿರುವೆಡೆಯಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬ ಆಶಯ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿಯೇ ಇದೆ, ಪ್ರತಿ ಪ್ರಯೋಗಕ್ಕೂ ಮೊದಲು "ಇದಕ್ಕೆ ಪಿಷ್ಟಪಶು ಸಾಲದೇ?" ಎಂದು ಆಕೆ ತನ್ನ ಗುರುಗಳನ್ನು ಕೇಳಲಿ ಎಂದೆವು. "ಆಗದಿದ್ದರೆ ಪ್ರಾಯಶ್ಚಿತ್ತವುಂಟೇ?" ಎಂದರು ಅವರು.

ಮನೆಗೆ ಬಂದು ತೀರ್ಥರೂಪರನ್ನು ವಿಚಾರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಇದ್ದರೆ ಮೊದಲು ನನಗೆ ಹೇಳಪ್ಪ, ಗುಳಿಗೆ ನುಂಗಿದವನು ನಾನು" ಎಂದರು. ನಾವು ಗ್ರಂಥಗಳಲ್ಲಿ ಹುಡುಕುತ್ತಿದ್ದೇವೆ. ಬಲ್ಲ ಹಿರಿಯರು ತಿಳಿಸಿದಲ್ಲಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವೆವು.