ಬಡ ಹಾಡಿನ ಹಕ್ಕು

ಐದು ಬೆರಳೂ ಒಂದೇ ಸಮನಾಗಿರುವುದಿಲ್ಲವೆಂದು ನಾವು ಆಗಾಗ ಹೇಳುತ್ತಿರುತ್ತೇವೆ. ಆದರೆ ಕಿರುಬೆರಳು ತನಗೂ ಒಂದು ಉಂಗುರ ಬೇಕೆಂದು ಕೇಳಿದರೆ ನಮಗೆ ನಗು ಬರುತ್ತದೆ. ಕೂಡಿ ಕೆಲಸಮಾಡುವ ಯಾವ ಮಂಡಲಿಯನ್ನೇ ನೋಡಿ, ಪ್ರತಿಭೆ ಹೆಚ್ಚಿರುವವರು ಒಬ್ಬಿಬ್ಬರು ಮುಂದೆ ನಿಂತಿರುತ್ತಾರೆ. ಅವರ ಬೆನ್ನ ಹಿಂದೆ ತನ್ನ ಪಾಡಿಗೆ ತಾನು ದುಡಿಯುವ ಒಬ್ಬನಿರುತ್ತಾನೆ. ಆತನಿಗೂ ಒಮ್ಮೆ ಮುಂದೆ ಬಂದು ನಿಲ್ಲುವ ಸರದಿ ದೊರೆಯಬೇಕೆ? ಹಾಗೆ ದೊರೆತರೆ ಒಟ್ಟು ಕೆಲಸದ ಮಟ್ಟ ಸ್ವಲ್ಪ ಇಳಿಯುವುದೆಂದು ಮೊದಲೇ ಗೊತ್ತಿದ್ದರೂ ದೊರೆಯಬೇಕೆ? ಇದು ಬಹಳ ಹಳೆಯ ಪ್ರಶ್ನೆ. ಧರ್ಮಶಾಸ್ತ್ರದ ಗಂಭೀರವಾದ ಮಾತುಗಳಲ್ಲಿ ಇದನ್ನು ಕೇಳಬಹುದು. ಆದರೆ ಇದು ನಿಚ್ಚಳವಾಗಿ ಕಾಣುವುದು, ವಿಚಿತ್ರವೆನಿಸಿದರೂ, ರಾಕ್ ಸಂಗೀತದ ಅಭಿಮಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿರುವ ಒಂದು ಪ್ರೀತಿಯ ಜಗಳದಲ್ಲಿ.

ಜಗಳ ಇಷ್ಟೆ: ಬೀಟಲ್ಸ್ ಮೇಳದ ಹಾಡುಗಳಲ್ಲಿ ತೀರ ಸಪ್ಪೆಯಾದುದು ಯಾವುದು? ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ಈ ನಾಲ್ವರ ಹೆಸರು ಕೇಳದವರು ಕಡಿಮೆ. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರೂ ಹಾಡು ಕಟ್ಟುವ ಜೋಡಿ. ಜಾರ್ಜ್ ಹ್ಯಾರಿಸನ್ ಗಿಟಾರಿನವನು. ರಿಂಗೊ ಸ್ಟಾರ್ ಡ್ರಮ್ ಬಾರಿಸುವವನು. ಉತ್ತಮವಾದ ಹಾಡುಗಳ ಪಟ್ಟಿ ಮಾಡುವಾಗ ಅಭಿಮಾನಿಗಳಲ್ಲಿ ನೂರು ಮತಗಳು. ಕಳಪೆಯ ಪಟ್ಟಿಗೆ ಬಂದಾಗ ಮಾತ್ರ, ರಿಂಗೊ ಹಾಡಿದ ಒಂದೆರಡು ಹಾಡುಗಳನ್ನು ಅದರಲ್ಲಿ ಸೇರಿಸುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ.

ಡ್ರಮ್ ಬಾರಿಸುವವರಿಗೆ ಹಾಡಲು ಬರುವುದಿಲ್ಲವೆಂದು ಇದರ ಅರ್ಥವಲ್ಲ. ಎರಡು ಕೈ ಎರಡು ಕಾಲುಗಳನ್ನು ನಾಲ್ಕು ಬೇರೆ ಬೇರೆ ಲೆಕ್ಕಗಳಲ್ಲಿ ಆಡಿಸುತ್ತ, ಆ ಶ್ರಮದ ನಡುವೆ ಉಸಿರನ್ನು ಹಿಡಿದು ಹಾಡುವುದು ಸಾಮಾನ್ಯದ ಕೆಲಸವೇನಲ್ಲ. ಆದರೂ ಅದನ್ನು ಸಾಧಿಸಿದವರಿದ್ದಾರೆ. ‘ದಿ ಬ್ಯಾಂಡ್’ ಎಂಬ ಮೇಳದ ಲೆವನ್ ಹೆಲ್ಮ್ ಹಾಗೆ ಹಾಡಿದ. ೧೯೭೬ರಲ್ಲಿ ಬಂದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡಿನಲ್ಲಿ ಕೇಳುವುದು ‘ಈಗಲ್ಸ್’ ಮೇಳದ ಡ್ರಮ್ ವಾದಕ ಡಾನ್ ಹೆನ್ಲಿಯ ಕಂಠ. ಕ್ಯಾರೆನ್ ಕಾರ್ಪೆಂಟರ್ ತನ್ನನ್ನು ಹಾಡಬಲ್ಲ ಡ್ರಮ್ ವಾದಕಿ ಎಂದೇ ತಿಳಿದಿದ್ದಳು. ಆಕೆಯ ಕಂಠದ ಸೊಬಗಿಗೆ ಮರುಳಾದ ಲೋಕ ಆಕೆಯನ್ನು ಡ್ರಮ್ಮಿನ ಹಿಂದಿನಿಂದ ಎಬ್ಬಿಸಿ ಮುಂದೆ ತಂದು ನಿಲ್ಲಿಸಿತು. ೧೯೭೫ರಲ್ಲಿ ‘ಜೆನೆಸಿಸ್’ ಮೇಳವನ್ನು ಮುಖ್ಯ ಗಾಯಕ ಬಿಟ್ಟುಹೋದಾಗ ಆ ಸ್ಥಾನವನ್ನು ತುಂಬಿದವನು ಅವರ ಡ್ರಮ್ ವಾದಕ ಫಿಲ್ ಕಾಲಿನ್ಸ್. ಇವರ ವಿಷಯದಲ್ಲಿ ನೀತಿಯ ಪ್ರಶ್ನೆಯೇ ಏಳುವುದಿಲ್ಲ. ಪ್ರತಿಭೆ ತನ್ನ ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಯಾರ ಔದಾರ್ಯವೂ ಬೇಕಿಲ್ಲ. ಪ್ರಶ್ನೆ ಹುಟ್ಟುವುದು ರಿಂಗೊನಂಥವರಲ್ಲಿ.

ರಿಂಗೊನ ಕಂಠಕ್ಕೆ ಹರಹು ಕಡಿಮೆ. ಅದನ್ನು ಆತನೂ ಬಲ್ಲ, ಉಳಿದ ಮೂವರೂ ಬಲ್ಲರು. ಆರನೆಯ ವಯಸ್ಸಿನಲ್ಲಿ ಕರುಳಿನ ಬೇನೆಯಿಂದ ಸಾವಿನ ಬಾಗಿಲು ತಟ್ಟಿ ಬಂದವನು. ಹದಿಮೂರರಲ್ಲಿ ಕ್ಷಯ ಹಿಡಿದು ಬಹುಕಾಲ ಆರೋಗ್ಯಧಾಮದಲ್ಲಿ ಮಲಗಿದವನು. ರೋಗಿಗಳಾದ ಹುಡುಗರ ಬೇಸರ ಕಳೆಯಲು ಅಲ್ಲಿ ಏರ್ಪಡಿಸಿದ್ದ ವಾದ್ಯಮೇಳದಲ್ಲಿಯೇ ಆತನಿಗೆ ಡ್ರಮ್ಮಿನ ಹುಚ್ಚು ಹತ್ತಿದ್ದು. ೧೯೬೨ರಲ್ಲಿ ಬೀಟಲ್ಸ್ ಸೇರಿದ. ಅಲ್ಲಿಂದ ಮುಂದೆ ಆ ಮೇಳದ ಹೆಚ್ಚುಕಡಿಮೆ ಪ್ರತಿಯೊಂದು ಎಲ್‌ಪಿ ತಟ್ಟೆಯಲ್ಲೂ ಒಂದು ಹಾಡು ಆತನ ಪಾಲಿಗೆ ಮೀಸಲಾಯಿತು. ೧೯೬೩ರ ಮೊದಲ ತಟ್ಟೆಯಲ್ಲಿ ‘ಬಾಯ್ಸ್’ ಎಂಬ ಹಾಡನ್ನು ಆತ ಡ್ರಮ್ ಬಾರಿಸುತ್ತಲೇ ಹಾಡಿದ. ಒಂದೇ ಸಲಕ್ಕೆ ಅದರ ಮುದ್ರಣ ಮುಗಿಯಿತು. ತಟ್ಟೆಯೊಂದಕ್ಕೆ ಹದಿನಾಲ್ಕು ಹಾಡು. ಬಹುಮಟ್ಟಿಗೆ ಎಲ್ಲಕ್ಕೂ ತಾಳ ಆತನದು, ಕಂಠ ಒಂದಕ್ಕೆ ಮಾತ್ರ. ಹದಿಮೂರು ಹಾಡುಗಳಲ್ಲಿ ಪರರ ಭಾರ ಹೊತ್ತವನಿಗೆ ಹದಿನಾಲ್ಕನೆಯದನ್ನು ಕೊಟ್ಟರೆ ಅದು ದಾನವೆ, ಸಾಲದ ಮರುಪಾವತಿಯೆ? ನ್ಯಾಯವಾಗಿ ಯೋಚಿಸುವವರು ಎರಡನೆಯದೆಂದೇ ಹೇಳಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತೂ ಹಗುರವಾದುದಲ್ಲ. ಕಲೆಯೆಂಬುದು ಧರ್ಮಛತ್ರವಲ್ಲ. ಹಣ ಕೊಟ್ಟು ತಟ್ಟೆ ಕೊಳ್ಳುವ ರಸಿಕನಿಗೆ ಮೇಳದ ಒಳಗಿನ ಲೇವಾದೇವಿ ಕಟ್ಟಿಕೊಂಡು ಏನಾಗಬೇಕು? ಅಷ್ಟೇ ಅಲ್ಲ, ಎಲ್‌ಪಿ ತಟ್ಟೆಯ ಒಂದೊಂದು ಬದಿಗೆ ಹಿಡಿಸುವುದು ಇಪ್ಪತ್ತು ಇಪ್ಪತ್ತೈದು ನಿಮಿಷದ ಸಂಗೀತ ಮಾತ್ರ. ಇಕ್ಕಟ್ಟಾದ ಮನೆಯಲ್ಲಿ ಒಬ್ಬನಿಗೆ ಮಂಚ ಹಾಕಿದರೆ ಇನ್ನೊಬ್ಬ ನೆಲದ ಮೇಲೆ ಮಲಗಬೇಕಾಗುತ್ತದೆ. ಇಲ್ಲಿ ನೆಲದ ಮೇಲೆ ಮಲಗಿದವನು ಜಾರ್ಜ್ ಹ್ಯಾರಿಸನ್. ೧೯೬೮ರಲ್ಲಿ ಆತನ ‘ನಾಟ್ ಗಿಲ್ಟಿ’ ಎಂಬ ಹಾಡನ್ನು ನೂರು ಬಾರಿಗೂ ಮೀರಿ ನುಡಿಸಿ ನೋಡಿ ಕೊನೆಗೆ ಕೈಬಿಟ್ಟರು. ಮರುವರ್ಷದ ಜನವರಿಯಲ್ಲಿ ಅಭ್ಯಾಸ ಮಾಡಿದ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಬೀಟಲ್ಸರ ಯಾವ ತಟ್ಟೆಯನ್ನೂ ಸೇರಲಿಲ್ಲ. ಮೇಳ ಒಡೆದ ಮೇಲೆ, ೧೯೭೦ರಲ್ಲಿ, ಜಾರ್ಜ್ ಒಬ್ಬನೇ ಹೊರತಂದ ಮೂರು ತಟ್ಟೆಗಳ ಸಂಪುಟಕ್ಕೆ ಅದೇ ಹೆಸರಾಯಿತು. ಇಂಥ ಹಾಡು ಬಾಗಿಲ ಹೊರಗೆ ನಿಂತಿರುವಾಗ ಡ್ರಮ್ಮಿನವನ ಮಕ್ಕಳಾಟದ ಹಾಡು ಒಳಗೆ ಕುಳಿತಿದೆಯಲ್ಲ, ಇದು ನ್ಯಾಯವೆ?

ಉತ್ತರ ಹುಡುಕುವ ಮೊದಲು ಒಂದು ಭೇದವನ್ನು ಗುರುತಿಸಬೇಕು. ಕಳಪೆ ಹಾಡುಗಳೆಲ್ಲ ಒಂದೇ ಜಾತಿಯವಲ್ಲ. ಇದನ್ನು ತಿಳಿಯಲು ಬೀಟಲ್ಸರ ಕೊನೆಯ ಎರಡು ವರ್ಷಗಳನ್ನು ನೋಡಿದರೆ ಸಾಕು.

೧೯೬೮ರ ಆರಂಭದಲ್ಲಿ ನಾಲ್ವರೂ ಹಿಮಾಲಯದ ತಪ್ಪಲಿನ ಹೃಷೀಕೇಶಕ್ಕೆ, ಮಹರ್ಷಿ ಮಹೇಶ ಯೋಗಿಯ ಆಶ್ರಮಕ್ಕೆ ಬಂದರು. ಆಹಾರ ಒಗ್ಗದೆ ರಿಂಗೊ ಹತ್ತೇ ದಿನಕ್ಕೆ ಹಿಂತಿರುಗಿದ. ಉಳಿದವರು ಅಲ್ಲಿ ಕುಳಿತು ಹಾಡುಗಳನ್ನು ಹೊಸೆದರು. ಅವುಗಳಲ್ಲಿ ಅನೇಕವು ಆ ವರ್ಷದ ನವೆಂಬರಿನಲ್ಲಿ ಬಿಳಿಯ ಹೊದಿಕೆಯ ಜೋಡಿ ತಟ್ಟೆಯಾಗಿ ಬಂದುವು. ಅದರಲ್ಲಿ ಒಟ್ಟು ೩೦ ಬಿಡಿಗಳು. ನಿರ್ಮಾಪಕ ಜಾರ್ಜ್ ಮಾರ್ಟಿನ್ನರಿಗೆ ಕಾಳು ಆರಿಸಿ ಹೊಟ್ಟು ತೂರಿ ಒಂದೇ ತಟ್ಟೆ ಮಾಡಬೇಕೆಂಬ ಮನಸ್ಸಿತ್ತು, ಅದು ನಡೆಯಲಿಲ್ಲ. ಅಲ್ಲಿರುವ ಲೆನನ್ನನ ‘ರೆವಲ್ಯೂಷನ್ ೯’ ಎಂಟು ನಿಮಿಷಕ್ಕೂ ಹೆಚ್ಚು ಕಾಲದ ಸದ್ದುಗಳ ಜೋಡಣೆ, ರಾಗವಿಲ್ಲ, ತಾಳವಿಲ್ಲ. ಅದನ್ನು ಸೋಲೆಂದು ಎಣಿಸುವವರೂ ಅದೊಂದು ಸಾಹಸದ ಸೋಲೆಂದು ಒಪ್ಪಬೇಕು. ಹೊಸ ನೀರಿಗೆ ಇಳಿದವನು ಮುಳುಗಿದರೆ ಈಜಲಿಲ್ಲವೆಂದು ಹಂಗಿಸುವುದು ದಡದಲ್ಲಿ ನಿಂತವರಿಗೆ ಶೋಭಿಸದು.

೧೯೬೯ರ ‘ಆಬಿ ರೋಡ್’ ತಟ್ಟೆಯ ಮೊದಲ ಬದಿಯಲ್ಲಿ ಬೇರೆ ಎರಡು ಜಾತಿಯವು ಹತ್ತಿರ ಹತ್ತಿರವೇ ಇವೆ. ಮೂರನೆಯದು ಮೆಕಾರ್ಟ್ನಿಯ ‘ಮ್ಯಾಕ್ಸ್‌ವೆಲ್ಸ್ ಸಿಲ್ವರ್ ಹ್ಯಾಮರ್’. ಐದನೆಯದು ರಿಂಗೊನ ‘ಆಕ್ಟೊಪಸಸ್ ಗಾರ್ಡನ್’. ಮೊದಲಿನದನ್ನು ಸರಿಪಡಿಸಲು ಮೆಕಾರ್ಟ್ನಿ ದಿನಗಟ್ಟಲೆ ಹೆಣಗಿದ, ಜೊತೆಯವರನ್ನೂ ಹೆಣಗಿಸಿದ. ಅದೆಂದರೆ ಲೆನನ್ನನಿಗೆ ಸೇರದು. ಆತ ಅದರಲ್ಲಿ ನುಡಿಸಲೇ ಇಲ್ಲ. ಜಾರ್ಜ್ ಗೊಣಗಿದ. ರಿಂಗೊನಂಥ ಸಮಾಧಾನಿ ಕೂಡ ಮುಂದೆ ಬಹುಕಾಲದ ಮೇಲೆ, ಅದಕ್ಕಿಂತ ಬೇಸರದ ಕೆಲಸ ಬೇರಿರಲಿಲ್ಲವೆಂಬ ಅರ್ಥದ ಮಾತನಾಡಿದ. ಇದು ಬಲಶಾಲಿಯ ಹಟದಿಂದ ಹುಟ್ಟಿದ ಹಾಡು. ಬೇಡವೆಂದು ತಡೆಯುವವರಿಲ್ಲದೆ ಒಳಗೆ ಬಂದದ್ದು.

ರಿಂಗೊನ ಹಾಡಿನ ಕಥೆ ಬೇರೆ. ಹಿಂದಿನ ವರ್ಷದ ಆಗಸ್ಟಿನಲ್ಲಿ ಆತ ಮನಸ್ಸು ಮುರಿದು ಮೇಳವನ್ನು ಬಿಟ್ಟಿದ್ದ. ತಾನು ಸರಿಯಾಗಿ ಬಾರಿಸುತ್ತಿಲ್ಲ, ಉಳಿದ ಮೂವರು ಒಂದಾಗಿದ್ದಾರೆ, ತಾನು ಹೊರಗಿನವನು ಎಂಬ ಕೊರಗು ಆತನನ್ನು ಕಾಡಿತು. ಇದನ್ನು ಹೇಳಲು ಲೆನನ್ನನ ಬಾಗಿಲಿಗೆ ಹೋದರೆ, ಲೆನನ್ ಅಂದದ್ದು: ಒಂದಾಗಿರುವ ಮೂವರು ನೀವೆಂದು ನಾನು ತಿಳಿದಿದ್ದೆ! ಮೆಕಾರ್ಟ್ನಿಯ ಬಳಿಗೆ ಹೋದರೆ ಅಲ್ಲಿಯೂ ಅದೇ ಮಾತು. ಇದನ್ನು ಮುಂದೆ ರಿಂಗೊನೇ ಹೇಳಿದ್ದಾನೆ. ಕೂಡಿ ಬಾಳುವವರ ಕಷ್ಟವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಸಾಧ್ಯವಿಲ್ಲ. ಪ್ರತಿಯೊಬ್ಬನೂ ತಾನೊಬ್ಬನೇ ಹೊರಗೆ ಎಂದುಕೊಂಡಿರುತ್ತಾನೆ. ಒಳಗೆ ಯಾರೂ ಇರುವುದಿಲ್ಲ.

ರಿಂಗೊ ಸಾರ್ಡಿನಿಯಾ ದ್ವೀಪಕ್ಕೆ ಹೋದ. ನಟ ಪೀಟರ್ ಸೆಲ್ಲರ್ಸನ ದೋಣಿಯಲ್ಲಿ ವಿಹರಿಸುತ್ತಿದ್ದಾಗ, ಆಕ್ಟೊಪಸ್ ಎಂಬ ಪ್ರಾಣಿ ಕಡಲತಳದಲ್ಲಿ ಹೊಳೆಯುವ ಕಲ್ಲುಗಳನ್ನು ಆಯ್ದು ತನ್ನ ಗವಿಯ ಮುಂದೆ ತೋಟದಂತೆ ಜೋಡಿಸುವುದೆಂದು ದೋಣಿಯ ನಾಯಕ ಹೇಳಿದ. ಮೇಲಿನ ಲೋಕ ಸಾಕಾಗಿದ್ದವನಿಗೆ ನೀರಿನ ಅಡಿಯ ಆ ತೋಟ ಹಿಡಿಸಿತು. ಹಾಡು ಅಲ್ಲಿ ಮೊಳೆಯಿತು. ಎರಡು ವಾರದಲ್ಲಿ ಆತ ಹಿಂತಿರುಗಿದಾಗ ಗೆಳೆಯರು ಆತನ ಡ್ರಮ್ಮುಗಳನ್ನು ಹೂವಿನಿಂದ ಮುಚ್ಚಿದ್ದರು.

೧೯೬೯ರ ಜನವರಿಯಲ್ಲಿ ಆ ಅರೆಬೆಂದ ಹಾಡನ್ನು ರಿಂಗೊ ಪಿಯಾನೊ ಮುಂದೆ ಕುಳಿತು ತಡವರಿಸುತ್ತ ನುಡಿಸಿದ. ೨೦೨೧ರಲ್ಲಿ ಹೊರಬಂದ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರದಲ್ಲಿ ಆ ದೃಶ್ಯವನ್ನು ನೋಡಬಹುದು. ಮುಂದಿನ ಸ್ವರ ಯಾವುದೆಂದು ತೋಚದೆ ನಿಂತವನ ಪಕ್ಕಕ್ಕೆ ಬಂದು ದಾರಿ ತೋರಿಸುವವನು ಯಾರು? ಜಾರ್ಜ್! ಅದೇ ತಿಂಗಳು ಮುನಿಸಿಕೊಂಡು ಮೇಳ ಬಿಟ್ಟುಹೋಗಿ ಮರಳಿ ಬಂದವನು, ತನ್ನ ಹಾಡುಗಳಿಗೆ ಜಾಗವಿಲ್ಲದೆ ನೊಂದವನು. ಆ ಡ್ರಮ್ಮಿನವನ ಹಾಡಿಗೆ ಜಾಗ ಕೊಡುವುದು ಅನ್ಯಾಯವೆಂದು ದೂರುವ ಹಕ್ಕು ಯಾರಿಗಾದರೂ ಇದ್ದರೆ ಅದು ಜಾರ್ಜನಿಗೆ ಇತ್ತು. ಆತ ದೂರಲಿಲ್ಲ, ಗಿಟಾರು ಹಿಡಿದು ಆ ಬಡ ಹಾಡಿಗೆ ಬೆನ್ನೆಲುಬು ಕೊಟ್ಟ. ಬಾಗಿಲ ಹೊರಗೆ ನಿಂತವನ ಕಷ್ಟ ನಿಂತವನಿಗೇ ಗೊತ್ತು. ಜಾರ್ಜನ ಜಾಗವನ್ನು ಆಕ್ರಮಿಸಿದವನು ರಿಂಗೊ ಅಲ್ಲ. ಮುಂದೆ ನಿಂತ ಇಬ್ಬರ ಅಭ್ಯಾಸ ಅದು. ಬಲ್ಲಿದರು ತಮ್ಮ ಪಾಲನ್ನು ಕಡಿಮೆ ಮಾಡಿಕೊಳ್ಳದಿರುವಾಗ, ಇದ್ದ ಒಂದು ತುಣುಕಿಗಾಗಿ ಬಡವರಿಬ್ಬರು ಕಚ್ಚಾಡಬೇಕೆಂದು ನಾವು ಬಯಸುವುದೇಕೆ?

ಇನ್ನು ಒಂದು ಸಂದೇಹ. ಕನಿಕರದಿಂದ ಕೊಟ್ಟ ಜಾಗ ಪಡೆದವನಿಗೆ ಅವಮಾನವಲ್ಲವೆ? ಅದು ಕೊಡುವ ರೀತಿಯನ್ನು ಅವಲಂಬಿಸಿದೆ. ೧೯೬೭ರಲ್ಲಿ ಲೆನನ್, ಮೆಕಾರ್ಟ್ನಿ ಇಬ್ಬರೂ ‘ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ ಎಂಬ ಹಾಡನ್ನು ರಿಂಗೊನ ಕಂಠದ ಅಳತೆ ತೆಗೆದು ಹೊಲಿದರು; ದರ್ಜಿ ಅಂಗಿ ಹೊಲಿದ ಹಾಗೆ. ಹಾಡೆಲ್ಲ ಕೆಲವೇ ಸ್ವರಗಳ ಒಳಗೆ ಓಡಾಡುತ್ತದೆ. ಕೊನೆಯದೊಂದು ಸ್ವರ ಮಾತ್ರ ಮೇಲಕ್ಕೆ ಏರುತ್ತದೆ. ಆ ಸ್ವರಕ್ಕೆ ರಿಂಗೊ ಅಳುಕಿದಾಗ ಉಳಿದ ಮೂವರೂ ಆತನ ಸುತ್ತ ನಿಂತು ಹುರಿದುಂಬಿಸಿದರೆಂದು ಧ್ವನಿಮುದ್ರಣ ತಂತ್ರಜ್ಞ ಜೆಫ್ ಎಮರಿಕ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ಹಾಡನ್ನು ಇಂದು ಯಾರೂ ಕಳಪೆಯೆನ್ನುವುದಿಲ್ಲ. ಬರಿಯ ಜಾಗವನ್ನು ಬಿಸುಟರೆ ಅದು ಭಿಕ್ಷೆ. ಜಾಗದೊಡನೆ ತನ್ನ ದುಡಿಮೆಯನ್ನೂ ಸೇರಿಸಿ ಕೊಟ್ಟರೆ ಅದು ಸ್ನೇಹ.

ಸ್ನೇಹದ ಮಾತು ಸರಿ, ಹಣದ ಮಾತು ಬಂದಾಗ ಏನು? ಅದಕ್ಕೂ ಒಂದು ಉದಾಹರಣೆಯುಂಟು. ೧೯೭೫ರಲ್ಲಿ ‘ಕ್ವೀನ್’ ಮೇಳದ ‘ಬೊಹೀಮಿಯನ್ ರ‍್ಯಾಪ್ಸೊಡಿ’ ಲೋಕವನ್ನು ಗೆದ್ದಿತು. ಆ ಚಿಕ್ಕ ತಟ್ಟೆಯ ಹಿಂಬದಿಯಲ್ಲಿದ್ದದ್ದು ಡ್ರಮ್ ವಾದಕ ರೋಜರ್ ಟೇಲರ್ ಬರೆದು ಹಾಡಿದ, ಮೋಟಾರು ಕಾರಿನ ಮೇಲಿನ ಪ್ರೇಮದ ಒಂದು ಹಾಡು. ಜನ ಕೊಂಡದ್ದು ಮುಂಬದಿಗಾಗಿ. ಆದರೆ ತಟ್ಟೆಗೆ ಬದಿಗಳೆರಡು, ಆದ್ದರಿಂದ ಗೌರವಧನ ಇಬ್ಬರು ಕರ್ತೃಗಳಿಗೂ ಸಮಸಮ. ಇದು ಮೇಳದೊಳಗೆ ಕಹಿಯನ್ನು ಹುಟ್ಟಿಸಿತು. ೧೯೮೯ರ ‘ದಿ ಮಿರಾಕಲ್’ ತಟ್ಟೆಯ ವೇಳೆಗೆ ಅವರು ಕಂಡುಕೊಂಡ ಪರಿಹಾರ ಸರಳವಾದುದು: ಯಾರು ಬರೆದರೂ ಹಾಡು ‘ಕ್ವೀನ್’ನದು. ಔದಾರ್ಯ ಒಬ್ಬರ ಮನಸ್ಸಿನ ಮೇಲೆ ನಿಂತಿರುತ್ತದೆ, ಮನಸ್ಸು ಬದಲಾಗುತ್ತದೆ. ಅದನ್ನು ಕಟ್ಟಳೆಯಾಗಿ ಮಾಡಿಕೊಂಡ ಮನೆ ಹೆಚ್ಚು ಕಾಲ ನಿಲ್ಲುತ್ತದೆ.

ಈಗ ಕೇಳುವವರಾದ ನಮ್ಮ ಕರ್ತವ್ಯವೇನು? ಕಳಪೆಯನ್ನು ಉತ್ತಮವೆಂದು ಹೊಗಳುವುದಂತೂ ಅಲ್ಲ. ಅದು ಸುಳ್ಳು; ರಿಂಗೊನಿಗೂ ಅದು ಬೇಕಿಲ್ಲ. ತಾನು ಏಕಾಂಗಿಯಾಗಿ ಮೆರೆಯಬೇಕೆಂಬ ಹಂಬಲವೇ ಇಲ್ಲದವನು ಆತ. ಬೀಟಲ್ಸರ ಎಲ್ಲ ತಟ್ಟೆಗಳಲ್ಲಿ ಆತನ ತನಿ ವಾದನವೆಂದು ಇರುವುದು ಒಂದೇ ಒಂದು, ಅದೂ ಕೆಲವೇ ಸೆಕೆಂಡುಗಳದು, ‘ಆಬಿ ರೋಡ್’ ಮುಗಿಯುವಲ್ಲಿ, ಉಳಿದವರ ಒತ್ತಾಯದಿಂದ. ಗುಣವನ್ನು ಗುಣವೆಂದೂ ದೋಷವನ್ನು ದೋಷವೆಂದೂ ಹೇಳುವುದು ರಸಿಕನ ಧರ್ಮ. ಆದರೆ ದೋಷವಿದೆಯೆಂದು ಕಿತ್ತೆಸೆಯಬೇಕೆನ್ನುವುದು ಬೇರೆ ಮಾತು. ಹಿಂದೆ ಒಂದು ಹಾಡನ್ನು ದಾಟಿಸಬೇಕಾದರೆ ಕುರ್ಚಿಯಿಂದ ಎದ್ದುಹೋಗಿ ಮುಳ್ಳನ್ನು ಎತ್ತಿಡಬೇಕಾಗಿತ್ತು. ಸೋಮಾರಿತನವೇ ನಮಗೆ ಸಹನೆಯನ್ನು ಕಲಿಸುತ್ತಿತ್ತು. ಈಗ ಬೆರಳು ತಾಗಿಸಿದರೆ ಸಾಕು, ಬೇಡದ ಹಾಡು ಮಾಯ. ಶ್ರೇಷ್ಠವಾದುವನ್ನಷ್ಟೇ ಆರಿಸಿ ಕೇಳುವವನಿಗೆ ಇಪ್ಪತ್ತು ಮುತ್ತುಗಳು ದೊರೆಯುತ್ತವೆ, ನಿಜ. ಆದರೆ ನಾಲ್ವರು ಹುಡುಗರು ಏಳೆಂಟು ವರ್ಷ ಒಂದೇ ಸೂರಿನ ಕೆಳಗೆ ಹೇಗೆ ಬಾಳಿದರು, ಯಾರು ಯಾರಿಗೆ ಜಾಗ ಬಿಟ್ಟರು, ಯಾರು ಬಿಡಲಿಲ್ಲ ಎಂಬುದು ಆ ಮುತ್ತುಗಳಲ್ಲಿ ಕಾಣುವುದಿಲ್ಲ. ಅದು ಕಾಣುವುದು ಬಡ ಹಾಡುಗಳಲ್ಲಿಯೇ.

ಆದುದರಿಂದ ಅಭಿಮಾನಿಗಳ ಜಗಳ ಧಾರಾಳವಾಗಿ ನಡೆಯಲಿ. ಕಳಪೆಯ ಪಟ್ಟಿಯನ್ನೂ ಮಾಡಲಿ. ಪಟ್ಟಿಗೆ ಸೇರಿಸುವ ಮುನ್ನ, ಈ ಹಾಡು ಒಬ್ಬನು ಬಿಡಲೊಲ್ಲದ ಹಟದಿಂದ ಬಂದದ್ದೋ, ಮೂವರು ಬಿಟ್ಟುಕೊಟ್ಟ ಪ್ರೀತಿಯಿಂದ ಬಂದದ್ದೋ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ‘ಆಕ್ಟೊಪಸಸ್ ಗಾರ್ಡನ್’ ಮೂರು ನಿಮಿಷವೂ ಇಲ್ಲ. ಅಷ್ಟು ಹೊತ್ತು ಸುಮ್ಮನೆ ಕುಳಿತಿರಲಾರದವರು, ಮನೆಯಲ್ಲಿ, ಕಚೇರಿಯಲ್ಲಿ, ಸಭೆಯಲ್ಲಿ ಹಿಂದಿನ ಸಾಲಿನವನ ಸರದಿ ಬಂದಾಗ ಹೇಗೆ ಕುಳಿತಿರಬಲ್ಲರು?